ಹೂಂ ಅಂದ್ರಾ, ಉಹೂಂ ಅಂದ್ರಾ?

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವಳಿಗೆ ಪ್ರೀತಿಯ ವಿಷಯ ಹೇಳುವ ಮೊದಲು ಟಾಫಿ ಕೊಡಬಾರದು. ಈ ವಿವೇಕವನ್ನು ಮಿಠಾಯಿಯವನಿಗೆ ಯಾವ ಹಿರಿಯರೂ ಹೇಳಿಕೊಟ್ಟಿರಲಿಲ್ಲ. ಲೋಕದಲ್ಲಿ ಸಿಹಿಸುದ್ದಿ ಮೊದಲು, ಬಾಯಿ ಸಿಹಿ ಆಮೇಲೆ. ಅವನು ತಿರುವುಮುರುವು ಮಾಡಿದ.

ಅವನ ಪರವಾಗಿಯೂ ಒಂದು ಮಾತು ಹೇಳಬೇಕು. ಕ್ಲಿಪ್ ಇರುವುದೇ ಅವನಿಗೆ ಗೊತ್ತಿರಲಿಲ್ಲ. ಎದುರು ಅಂಗಡಿಯ ಟೈಲರ್, ಮೂವತ್ತು ದಾಟಿದವಳು, ಅದನ್ನು ಹಾಕಿಸಿಕೊಂಡ ದಿನದಿಂದ ಅವನೆದುರು ತುಟಿ ಬಿಚ್ಚಿರಲಿಲ್ಲ. ಟೈಲರಿಗೆ ಅದೇನೂ ಕಷ್ಟವಲ್ಲ. ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಹಿಡಿದುಕೊಂಡರೆ ಯಾರೂ ಮಾತು ನಿರೀಕ್ಷಿಸುವುದಿಲ್ಲ.

ಅವನು ಏಪ್ರನ್ ಬಿಗಿ ಮಾಡಿಸಲು ಬರುತ್ತಿದ್ದ. ಮರುವಾರ ಅದನ್ನೇ ಸಡಿಲ ಮಾಡಿಸಲು ಬರುತ್ತಿದ್ದ. ಅವಳು ಅಳತೆಯ ಟೇಪನ್ನು ಅವನ ಸೊಂಟಕ್ಕೆ ಸುತ್ತುವಾಗ ಅವನು ಉಸಿರು ಬಿಗಿಹಿಡಿಯುತ್ತಿದ್ದುದರಿಂದ ಅಳತೆ ಪ್ರತಿ ಸಲವೂ ತಪ್ಪುತ್ತಿತ್ತು. ಅವಳು ಕಣ್ಣಲ್ಲೇ ನಗುತ್ತಿದ್ದಳು. ಆ ಮುಚ್ಚಿದ ತುಟಿಯ ನಗುವಿನಲ್ಲಿ ಅವನು ಏನೇನೋ ಓದಿಕೊಂಡ. ಓದಿದ್ದು ಸರಿಯಾಗಿಯೇ ಇತ್ತು ಎನ್ನುವುದು ಬೇರೆ ಮಾತು.

"ಈ ವಯಸ್ಸಲ್ಲಿ ಹಲ್ಲಿಗೆ ಬೇಲಿ ಹಾಕಿಸ್ಕೊಂಡು ಯಾವ ದನ ಒಳಗೆ ಬರಬಾರ್ದು ಅಂತಿದ್ದೀಯೇ?" ಎಂದು ಅಂಗಡಿಯಲ್ಲಿ ಜೊತೆಗೆ ಕೂರುವ ಅವಳ ಚಿಕ್ಕಮ್ಮ ಗುಂಡಿಗೆ ಕಾಜ ಹಾಕುತ್ತಲೇ ಕೇಳುತ್ತಿದ್ದಳು.

"ಅವರ ಮುಂದೆ ಮಾತ್ರ ಹೇಳ್ಬೇಡ ಚಿಕ್ಕಮ್ಮ. ಸ್ವಲ್ಪ ದಿನ."

"ಸ್ವಲ್ಪ ದಿನಾನಾ? ಎರಡು ವರ್ಷ ಅಂದಿದ್ದಾರೆ ಡಾಕ್ಟರು! ಅಲ್ಲೀವರೆಗೂ ಸೂಜಿ ಕಚ್ಕೊಂಡೇ ಇರ್ತೀಯಾ?"

ಅವಳು ಮತ್ತೆ ಸೂಜಿ ಕಚ್ಚಿಕೊಂಡಳು.

ಆ ಮಧ್ಯಾಹ್ನ ಚಿಕ್ಕಮ್ಮ ಒಳಗೆ ಊಟಕ್ಕೆ ಕೂತಿದ್ದಾಗ ಮಿಠಾಯಿಯವನು ಏಪ್ರನ್ ಇಲ್ಲದೆ, ಇಸ್ತ್ರಿ ಮಾಡಿದ ಶರ್ಟಿನಲ್ಲಿ ಬಂದ. ಅಂಗೈಯಲ್ಲಿ ಪುಟ್ಟ ಪೊಟ್ಟಣ.

"ಹೊಸ ಟಾಫಿ. ನಿಮಗೋಸ್ಕರಾನೇ ಮಾಡಿದ್ದು. ಮೊದ್ಲು ತಿನ್ನಿ, ಆಮೇಲೆ ಒಂದು ವಿಷಯ ಹೇಳ್ತೀನಿ."

ಬೇಡ ಎನ್ನಬೇಕಾದರೆ ಬಾಯಿ ತೆರೆಯಬೇಕು. ತೆರೆದರೆ ಬೇಲಿ ಕಾಣುತ್ತದೆ. ಕೈಯಾಡಿಸಿ ಬೇಡವೆನ್ನಬಹುದಿತ್ತು, ಆದರೆ ಆ ಮುಖ ನೋಡಿ ಯಾರಿಗೆ ತಾನೇ ಕೈಯಾಡುತ್ತದೆ? ಸೂಜಿಗಳನ್ನು ಪುಟ್ಟ ಸೂಜಿದಿಂಬಿಗೆ ಚುಚ್ಚಿ, ಟಾಫಿಯನ್ನು ತುಟಿಯ ಸಂದಿಯಲ್ಲಿ ಜಾರಿಸಿಕೊಂಡಳು. ಕಚ್ಚುವುದಿಲ್ಲ, ಕರಗಲು ಬಿಡುತ್ತೇನೆ ಎಂದುಕೊಂಡಳು. ಬೆಣ್ಣೆ. ಕಂದಿದ ಸಕ್ಕರೆ. ಎಲ್ಲೋ ಒಂದು ಹರಳು ಉಪ್ಪು. ರುಚಿ ಹತ್ತಿದ ಬಾಯಿ ಯಾರ ಮಾತು ಕೇಳುತ್ತದೆ? ಕಚ್ಚಿದಳು.

ಮೇಲಿನ ಸಾಲು ಕೆಳಗಿನ ಸಾಲಿಗೆ ಅಂಟಿಕೊಂಡಿತು.

"ದೂರದೂರಿನ ದೊಡ್ಡ ಹೋಟೆಲಿಂದ ಕರೀತಿದ್ದಾರೆ," ಎಂದ ಅವನು, ಹೊಲಿಗೆ ಮಿಷನ್ನಿನ ಮುಖ ನೋಡುತ್ತ. "ಸಂಜೆ ಫೋನ್ ಮಾಡ್ತಾರೆ. ಬರ್ತೀನೋ ಇಲ್ವೋ ಹೇಳ್ಬೇಕು. ನನಗೆ ಹೋಗೋಕೆ ಇಷ್ಟ ಇಲ್ಲ. ಆದ್ರೆ ಇರೋಕೆ ಒಂದು ಕಾರಣ ಬೇಕಲ್ಲ… ನನ್ನನ್ನ ಮದುವೆ ಆಗ್ತೀರಾ? ದೊಡ್ಡ ಮಾತೆಲ್ಲ ಬೇಡ. ಹೂಂ ಅಂದ್ರೆ ಸಾಕು, ಇಲ್ಲೇ ಇದ್ಬಿಡ್ತೀನಿ."

ಹೂಂ ಎನ್ನಲು ಬಾಯಿ ತೆರೆಯಬೇಕಾಗಿಯೇ ಇಲ್ಲ. ನಮ್ಮ ಭಾಷೆ ಇಂಥ ಗಳಿಗೆಗೆಂದೇ ಆ ಮಾತನ್ನು ಎತ್ತಿಟ್ಟಂತಿದೆ. ಅವಳು ಎದೆ ತುಂಬ ಉಸಿರೆಳೆದುಕೊಂಡಳು. ಅಷ್ಟರಲ್ಲಿ ಹಲ್ಲಿಗೆ ಅಂಟಿಸಿದ ಕ್ಲಿಪ್ಪಿನ ಒಂದು ಬಿಲ್ಲೆ ಕಿತ್ತುಬಂದು, ತಂತಿಯ ತುದಿ ಕೆನ್ನೆಯ ಒಳಗೆ ಚುಚ್ಚಿತು. ನೋವಿಗೆ "ಉ" ಎಂದಳು. ಪ್ರೀತಿಗೆ "ಹೂಂ" ಎಂದಳು.

"ಉಹೂಂ."

ಅವನ ಮುಖ ಬಾಡಿತು. ಹಾಗಲ್ಲ, ಹಾಗಲ್ಲ ಎಂದು ಅವಳು ತಲೆಯಾಡಿಸಿದಳು. ಅದೂ ಅಡ್ಡಡ್ಡವೇ ಆಡಿತು. ಕಣ್ಣಲ್ಲಿ ನೀರು ಬೇರೆ.

"ಪರವಾಗಿಲ್ಲ, ಅಳ್ಬೇಡಿ. ನಾನೇ ತಪ್ಪು ತಿಳ್ಕೊಂಡೆ," ಎಂದು ಅವನು ಹೊರಟೇಹೋದ.

ಅವಳು ಹಿಂದೆಯೇ ಓಡುವವಳಿದ್ದಳು. ಆದರೆ ತುಟಿಯ ಅಂಚಿನಲ್ಲಿ ರಕ್ತ ಕಂಡ ಚಿಕ್ಕಮ್ಮ ಎಂಜಲು ಕೈಯಲ್ಲೇ ರಟ್ಟೆ ಹಿಡಿದು ಹಲ್ಲಿನ ಡಾಕ್ಟರ ಕಡೆ ಎಳೆದಳು. ಅವಳ ಮೊಬೈಲು ಅಂಗಡಿಯಲ್ಲೇ ಕತ್ತರಿಯ ಪಕ್ಕ ಉಳಿಯಿತು.

"ಟಾಫಿನಾ!" ಎಂದರು ಡಾಕ್ಟರು, ದೀಪ ಬಗ್ಗಿಸಿ. "ಏನಮ್ಮ ಹೇಳಿದ್ದೆ ನಾನು? ಗಟ್ಟಿದು ಬೇಡ, ಅಂಟೋದು ಬೇಡ. ಸಿಹಿ ಬೇಕೇ ಬೇಕು ಅಂದ್ರೆ ಕಸ್ಟರ್ಡು, ಐಸ್‌ಕ್ರೀಮು, ಮೆತ್ತನೆ ಕೇಕು. ಚಾಕೊಲೇಟಾದ್ರೆ ಬೀಜ ಗೀಜ ಇಲ್ದಿರೋದು, ಚಿಕ್ಕ ಚೂರು, ನಾಲಿಗೆ ಮೇಲೆ ಕರಗೋಕೆ ಬಿಡಿ. ಊಟದ ಜೊತೆಗೇ ತಿಂದು ಮುಗಿಸಿ ಬ್ರಶ್ ಮಾಡಿ. ಇಷ್ಟೇ ತಾನೇ? ಯಾಕೆ ತಿಂದ್ರಿ?"

ಬಾಯೊಳಗೆ ಕನ್ನಡಿ, ಕೊಕ್ಕೆ, ಹತ್ತಿ ಎಲ್ಲ ಇಟ್ಟ ಮೇಲೆಯೇ ಪ್ರಶ್ನೆ ಕೇಳುವುದು ಹಲ್ಲಿನ ಡಾಕ್ಟರರ ಪದ್ಧತಿ. "ಆ," ಎಂದಳು. ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು. ಅವನ ಫೋನು ಯಾವ ಗಳಿಗೆಯಲ್ಲಾದರೂ ಹೊಡೆದುಕೊಳ್ಳಬಹುದು, ಇವಳು ಇಲ್ಲಿ ಅಂಗಾತ.

"ಯಾರು ಕೊಟ್ರೇ?" ಎಂದಳು ಚಿಕ್ಕಮ್ಮ. "ಎದುರುಗಡೆಯವ್ನಾ? ಅದಕ್ಕೇನಾ ಅವನು ಅಂಗಡಿ ಬಾಗಿಲು ಎಳ್ಕೊಂಡಿದ್ದು? ಅಯ್ಯೋ, ಈಗಾದ್ರೂ ಬಾಯಿ ಬಿಡೇ!"

"ಬಿಟ್ಕೊಂಡೇ ಇದ್ದಾರಲ್ಲಮ್ಮ," ಎಂದರು ಡಾಕ್ಟರು.

ಕುರ್ಚಿಯಿಂದ ಇಳಿದವಳು ಚಿಕ್ಕಮ್ಮನನ್ನೂ ಕಾಯದೆ ಓಡಿದಳು. ಮಿಠಾಯಿ ಅಂಗಡಿ ಅರ್ಧ ಮುಚ್ಚಿತ್ತು. ಪ್ರೀತಿಯಲ್ಲಿ ಸೋತವರು ಹಣೆಬರಹವನ್ನು ದೂರುತ್ತಾರೆ. ಇವನಿಗೆ ಪಾಕದ ಮೇಲೆ ಅನುಮಾನ. ಎಲ್ಲಿ ಕೆಟ್ಟಿತೆಂದು ನೋಡಲು ಟಾಫಿಗಳನ್ನು ಒಂದರ ಮೇಲೊಂದು ಬಾಯಿಗೆ ಹಾಕಿಕೊಂಡು, ಎರಡೂ ಕೈ ಅಂಟು ಮಾಡಿಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದ. ಮಾತಾಡಲು ಹೋದ. ದವಡೆ ಅಲುಗಲಿಲ್ಲ.

ಅವಳು ಅವನ ಮುಂದೆ ನಿಂತು ಬಾಯಿ ತೆರೆದಳು. ಪೂರ್ತಿ. ಸಂಜೆಯ ಬೆಳಕಿಗೆ ತಂತಿ ಮಿಂಚಿತು.

"ನೋಡಿ. ಇದಕ್ಕೆ ನಿಮ್ಮ ಟಾಫಿ ಅಂಟ್ಕೊಳ್ತು. ನಾನು ಉಹೂಂ ಅಂದಿಲ್ಲ. ಚುಚ್ಚಿದ್ದಕ್ಕೆ ಉ ಅಂದೆ. ನಿಮಗೆ ಹೂಂ ಅಂದೆ. ಎರಡೂ ಸೇರ್ಕೊಂಡ್ಬಿಡ್ತು."

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಬೆರಳಿನ ಗೆಣ್ಣಿನಿಂದಲೇ ಸ್ಪೀಕರ್ ಒತ್ತಿದ.

"ನಮಸ್ಕಾರ, ಹೋಟೆಲ್ ಮ್ಯಾನೇಜರು ಮಾತಾಡ್ತಿರೋದು. ಬರ್ತೀರಿ ತಾನೇ?"

ಅವನು ಟಾಫಿಯ ಹಿಂದಿನಿಂದ ಉಸಿರೆಲ್ಲ ಒತ್ತಿ ಉಹೂಂ ಎಂದ. ಮೊದಲ ಅಕ್ಷರವನ್ನು ಟಾಫಿ ನುಂಗಿತು.

"ಹೂಂ ಅಂದ್ರಾ? ಸಂತೋಷ! ನಾಳೆ ಗಾಡಿ ಕಳಿಸ್ತೀನಿ."

ಅವನು ಅವಳನ್ನು ನೋಡಿದ. ಅಂಥದೇ ಅಸಹಾಯಕ ನೋಟದಿಂದ ಅವಳೂ ಮಧ್ಯಾಹ್ನವಷ್ಟೇ ಅವನನ್ನು ನೋಡಿದ್ದಳಲ್ಲ, ಅರ್ಥವಾಯಿತು.

"ಅವರು ಬರಲ್ಲ," ಎಂದಳು ಫೋನಿಗೆ ಬಗ್ಗಿ. "ಅದು ಉಹೂಂ."

"ನೀವ್ಯಾರಮ್ಮ?"

ಈ ಸಲ ಅವಳಿಗೆ ಕಚ್ಚಿಕೊಳ್ಳಲು ಸೂಜಿ ಇರಲಿಲ್ಲ.

"ಅವರನ್ನ ಮದುವೆ ಆಗೋಳು."

ಮ್ಯಾನೇಜರು ಬಿಡಲಿಲ್ಲ. "ಅದಕ್ಕೆ ಅವರ ಒಪ್ಪಿಗೆ ಇದ್ಯಾ?"

ಮಿಠಾಯಿಯವನು ಮೂಗಿನಿಂದ, ಗಂಟಲಿನಿಂದ, ಎದೆಯಿಂದ ಒಂದು ಸದ್ದು ತೆಗೆದ.

"ಈಗೇನಂದ್ರು? ಹೂಂ ಅಂದ್ರಾ, ಉಹೂಂ ಅಂದ್ರಾ?"

"ನನಗೆ ಕೇಳಿಸ್ತು ಬಿಡಿ," ಎಂದು ಫೋನ್ ಇಟ್ಟಳು.

ನಗು ಉಕ್ಕಿ ಬಂತು. ರೂಢಿಯಂತೆ ಬಾಯಿ ಮುಚ್ಚಿಕೊಳ್ಳಲು ಕೈ ಎತ್ತಹೋದಳು. ಏಳಲಿಲ್ಲ. ಅದು ಆಗಲೇ ಅವನ ಅಂಟು ಕೈಯಲ್ಲಿತ್ತು, ಬಿಡಿಸಿಕೊಳ್ಳಲು ಬರುವಂತಿರಲಿಲ್ಲ. ತಂತಿ ಬಿಲ್ಲೆ ಎಲ್ಲ ಕಾಣುವಂತೆ ನಕ್ಕಳು.