ದಪ್ಪಕ್ಷರದ ಸುಳಿವು

ಬೆಳಿಗ್ಗೆ ಪ್ರೆಸ್ಸಿನ ಬೀಗ ಸರಿಯಾಗಿಯೇ ಇತ್ತು. ಕಂಪ್ಯೂಟರೂ ಇತ್ತು. ಅದರೊಳಗಿನ ಸ್ಕ್ರಿಪ್ಟ್ ಮಾತ್ರ ಮಾಯವಾಗಿತ್ತು.

ಪುಟಗಳನ್ನು ತಾನೇ ಜೋಡಿಸುತ್ತಿದ್ದ ಆ ಸ್ಕ್ರಿಪ್ಟನ್ನು, ಅಂದರೆ ಪುಟ್ಟ ಪ್ರೋಗ್ರಾಮನ್ನು, ಬರೆದವನು ಪ್ರೆಸ್ಸಿನ ಯಜಮಾನ, ನನ್ನ ತೀರಿಹೋದ ಗೆಳೆಯ. ಕೆಲಸವಾದಾಗ ಪರದೆಯ ಮೇಲೆ 'ಮುಗೀತು, ಇನ್ನು ಮನೆಗೆ ನಡೀರಿ' ಎಂದು ಬರುತ್ತಿತ್ತು. ಡ್ಯೂಟಿ ಮುಗಿಸಿ ಅಲ್ಲಿ ಹರಟೆಗೆ ಕೂರುತ್ತಿದ್ದ ನಾನು ಅದನ್ನು ನೋಡಿಯೇ ಏಳುತ್ತಿದ್ದೆ. ಆ ಸಂಜೆಗಳು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ನಾನು ನಿವೃತ್ತ ಇನ್‌ಸ್ಪೆಕ್ಟರ್. ಗೆಳೆಯನ ಹೆಂಡತಿ, ನಾನು ಅತ್ತಿಗೆ ಎಂದೇ ಕರೆಯುವವರು, ನನ್ನನ್ನೇ ಕರೆಸಿದರು.

"ಪಾಸ್‌ವರ್ಡ್ ಗೊತ್ತಿದ್ದಿದ್ದು ಸೊಸೆಗೂ ಕಿರಿಮಗನಿಗೂ ಅಷ್ಟೇ. ನಿನ್ನೆ ಇವಳು ಎದುರು ಪ್ರೆಸ್ಸಿಗೆ ಹೋಗಿದ್ದನ್ನ ನಾನೇ ನೋಡಿದೀನಿ. ಇನ್ನು ಇವಳು ಇಲ್ಲಿಗೆ ಕಾಲಿಡೋದು ಬೇಡ."

ಸೊಸೆ ತುಂಬಿದ ಕಣ್ಣಲ್ಲಿ ನನ್ನತ್ತ ತಿರುಗಿದಳು. "ಅಲ್ಲೂ ನಮ್ಮ ಹಾಗೇ ಪುಟ ಜೋಡಿಸ್ತಿದಾರೆ ಅಂತ ಕೇಳಿ ನೋಡೋಕೆ ಹೋಗಿದ್ದೆ, ಮಾವ. ಒಳಗೇ ಬಿಡ್ಲಿಲ್ಲ."

* * *

ನನ್ನನ್ನು ಒಳಗೆ ಬಿಟ್ಟರು. ಪೊಲೀಸ್ ಮೀಸೆಗೆ ಇನ್ನೂ ಬೆಲೆಯಿದೆ.

"ಎಲ್ಲಾ ಸೇರಿಸಿ ಕಟ್ಟಿರೋ ಒಂದೇ ಪ್ರೋಗ್ರಾಂ. ಕ್ಲಿಕ್ ಮಾಡಿದ್ರೆ ಸಾಕು" ಎಂದ ಎದುರು ಪ್ರೆಸ್ಸಿನವನು. ಯಾರು ಕೊಟ್ಟರೆಂದು ಮಾತ್ರ ಬಾಯಿ ಬಿಡಲಿಲ್ಲ.

ಕಪ್ಪು ಟರ್ಮಿನಲ್, ಬರೀ ಅಕ್ಷರಗಳು ಓಡುವ ಕಿಟಕಿ, ತೆರೆಯಿತು. ಅಕ್ಷರಗಳು ಒಂದೊಂದೂ ಬದನೆಕಾಯಿ ಗಾತ್ರ. ಕೊನೆಗೆ ಬಂತು: ಮುಗೀತು, ಇನ್ನು ಮನೆಗೆ ನಡೀರಿ.

"ಅಕ್ಷರ ಯಾಕಿಷ್ಟು ದಪ್ಪ?"

"ಬಂದಾಗಿಂದ ಹೀಗೇ ಸಾರ್. ನಮಗೂ ಕಿರಿಕಿರಿ."

ಆ ಪ್ರೋಗ್ರಾಮಿನ ಒಂದು ಪ್ರತಿ ತೆಗೆದುಕೊಂಡು ಹೊರಟೆ.

* * *

ಮನೆಯವರನ್ನೆಲ್ಲ ಕೂರಿಸಿದೆ. ಸಣ್ಣಕ್ಷರದ ಕಾಗದವೊಂದನ್ನು ಸೊಸೆಗೆ ಕೊಟ್ಟೆ, ಪಟಪಟನೆ ಓದಿದಳು. ಕಿರಿಮಗನಿಗೆ ಕೊಟ್ಟೆ. ಎಲ್ಲರೂ 'ಹೀರೋ' ಎನ್ನುವ ಆಸಾಮಿ ಕೈ ಉದ್ದ ಮಾಡಿ ಕಣ್ಣು ಕಿರಿದು ಮಾಡಿದ.

"ಕನ್ನಡಕ ಹಾಕ್ಕೊಳ್ಳೋ."

"ನಾನೇನು ಮುದುಕನಾ ಚಿಕ್ಕಪ್ಪ?"

"ಸರಿ, ನಿನ್ನ ಲ್ಯಾಪ್‌ಟಾಪಲ್ಲಿ ಟರ್ಮಿನಲ್ ತೆಗಿ."

"ಅಲ್ಲಿ ದಪ್ಪಕ್ಷರ ಇದ್ರೆ ನಾನೇ ಕಳ್ಳನಾ?"

ದಪ್ಪಕ್ಷರದ ಮಾತು ನಾನು ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಿದ್ದ.

"ಕಟ್ಟುವಾಗ ಫೋಲ್ಡರಲ್ಲಿದ್ದದ್ದನ್ನೆಲ್ಲ ಸೇರಿಸಿ ಕಟ್ಟಿದೀಯ. ಕನ್ನಡಕ ತಪ್ಪಿಸೋಕೆ ಅಕ್ಷರ ದಪ್ಪ ಮಾಡಿಟ್ಟ ನಿನ್ನ ಟರ್ಮಿನಲ್ ಸೆಟ್ಟಿಂಗೂ ಜೊತೆಗೆ ಹೋಗಿದೆ" ಎಂದೆ. "ನಿನ್ನೆ ನಿನ್ನ ಅತ್ತಿಗೆ ಅಲ್ಲಿಗೆ ಹೋದದ್ದು ನೋಡಿ ಹೆದರಿ ಮೂಲಾನೇ ಅಳಿಸಿದೆ."

ಹೀರೋ ತಲೆ ತಗ್ಗಿಸಿದ. "ನಾನೇ ಬರೆದದ್ದು ಅಂದಿದ್ದೆ. ಪಾಲುದಾರನನ್ನಾಗಿ ಮಾಡ್ಕೋತೀನಿ ಅಂದಿದ್ರು."

ಸೊಸೆ ಆಗಲೇ ನಾನು ತಂದ ಪ್ರೋಗ್ರಾಮಿನ ಗಂಟನ್ನು ಬಿಚ್ಚುತ್ತಿದ್ದಳು. ಒಳಗೆ ಮಾವನವರ ಸ್ಕ್ರಿಪ್ಟ್ ಒಂದಕ್ಷರವೂ ಕೆಡದೆ ಕೂತಿತ್ತು.

ಅತ್ತಿಗೆ ಮಗನನ್ನೇ ನೋಡಿದರು. "ನಿಮ್ಮಪ್ಪ ಕೇಳಿದೋರಿಗೆಲ್ಲ ಅದನ್ನ ಪುಕ್ಕಟೆ ಕೊಡೋಕೆ ತಯಾರಿದ್ರು ಕಣೋ. ಅದನ್ನೂ ಕದಿಯೋ ಗತಿ ಬಂತಾ ನಿಂಗೆ?"

ಆಮೇಲೆ ಸೊಸೆಯ ಕೈ ಹಿಡಿದು ಕರೆದೊಯ್ದು ಯಜಮಾನರ ಕುರ್ಚಿಯ ಮೇಲೆ ಕೂರಿಸಿದರು.