ಎರಡನೇ ಬಾಟಲಿ

ಹನ್ನೊಂದನೇ ತಾರೀಖು, ಮಂಗಳವಾರ, ಬೆಳಿಗ್ಗೆ 9.20ಕ್ಕೆ ಠಾಣೆಗೆ ಬಂದ ದೂರುದಾರ ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡರ್. ಐದು ದಿನದ ಹಿಂದೆ ಅವನ ಹತ್ತೊಂಬತ್ತರ ಮಗಳು ತನ್ನ ಕೋಣೆಯಲ್ಲಿ ಸತ್ತಿದ್ದಳು. ಅಸಹಜ ಸಾವೆಂದು ದಾಖಲಾಗಿತ್ತು. ಅವನು ಇನ್‌ಸ್ಪೆಕ್ಟರ್ ಮುಂದೆ ನಾಲ್ಕು ಕಾಗದ ಹರಡಿದ. ಮೂರು, ಮಗಳು ಹೋಗುತ್ತಿದ್ದ ವ್ಯಸನಮುಕ್ತಿ ಕೇಂದ್ರದವು. ಮೂರು ಸೋಮವಾರದ ಮೂತ್ರ ಪರೀಕ್ಷೆ, ಮೂರರಲ್ಲೂ ಮಾದಕ ವಸ್ತು ಇಲ್ಲ. ನಾಲ್ಕನೆಯದು ಮರಣೋತ್ತರ ಪರೀಕ್ಷೆಯದು. ಹೆರಾಯಿನ್, ವಾರಗಟ್ಟಲೆಯ ಸೇವನೆ.

"ಒಂದೋ ಈ ಮೂರು ಸುಳ್ಳು ಮೇಡಂ, ಇಲ್ಲಾ ಇದೊಂದು ಸುಳ್ಳು," ಎಂದ.

ಇನ್‌ಸ್ಪೆಕ್ಟರ್ ಮನೆಯ ವಿಷಯ ವಿಚಾರಿಸಿದರು. ಸಾಯುವ ಮುಂಚಿನ ಸೋಮವಾರ ಸಂಜೆ ಮಗಳ ಕಣ್ಣು ಸರಿಯಿಲ್ಲ ಅನ್ನಿಸಿ ಗದರಿದ್ದನಂತೆ. ಅವಳು ಅವತ್ತಿನ ರಿಪೋರ್ಟ್ ಕೈಗಿಟ್ಟಳಂತೆ.

"ತಪ್ಪಾಯ್ತು ಕಣಮ್ಮ ಅಂದೆ. ಅವಳ ಕೋಣೆ ಬಾಗಿಲ ಚಿಲಕ ಕಿತ್ತಿಟ್ಟಿದ್ದೆ. ಅವತ್ತೇ ನಾನೇ ಮತ್ತೆ ಹಾಕಿಕೊಟ್ಟೆ."

9.55ಕ್ಕೆ FIR ಆಯಿತು. 11.30ಕ್ಕೆ ಕೇಂದ್ರದಲ್ಲಿ ಪಂಚನಾಮೆ. ಅಲ್ಲಿ ಪ್ರತಿಯೊಬ್ಬರ ಮೂತ್ರವನ್ನೂ ಎರಡು ಬಾಟಲಿಗೆ ಹಾಕುವ ಪದ್ಧತಿ. ಒಂದರಲ್ಲಿ ಆಗಲೇ ಪರೀಕ್ಷೆ, ಎರಡನೆಯದು ಒಂದು ತಿಂಗಳು ಫ್ರೀಜರಿನಲ್ಲಿ. ಅಲ್ಲಿದ್ದ ನಲವತ್ತೆರಡು ಬಾಟಲಿಗಳನ್ನೂ ಸೀಲು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಲಾಯಿತು. ಶೌಚಾಲಯದ ಬಾಗಿಲಲ್ಲಿ ನಿಂತು ಬಾಟಲಿ ಇಸಿದುಕೊಂಡು ಚೀಟಿ ಅಂಟಿಸುವವಳು ಅಲ್ಲಿನ ಆಯಾ, ಐವತ್ತು ದಾಟಿದ ಹೆಂಗಸು. ಅಲ್ಲಿ ಎಲ್ಲರಿಗೂ ಅವಳು ದೊಡ್ಡಮ್ಮ. ಮಕ್ಕಳು ಕೊಟ್ಟಿದ್ದಕ್ಕೆ ಚೀಟಿ ಅಂಟಿಸುವುದಷ್ಟೇ ತನ್ನ ಕೆಲಸ ಎಂದಳು.

ಹದಿನೆಂಟರ ಬೆಳಿಗ್ಗೆ ಪ್ರಯೋಗಾಲಯದ ವರದಿ ಬಂತು. ಒಂಬತ್ತು ಬಾಟಲಿಗಳಲ್ಲಿ ಮಾದಕ ವಸ್ತುವಿಲ್ಲ, ಸಕ್ಕರೆ ಮಾತ್ರ ವಿಪರೀತ. ಒಂಬತ್ತೂ ಒಬ್ಬಳೇ ಹೆಂಗಸಿನವು. ಮೂರರ ಮೇಲೆ ಸತ್ತ ಹುಡುಗಿಯ ಹೆಸರು, ಅವಳಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಮೂರು ಚಪ್ಪಲಿ ಅಂಗಡಿಯ ಒಬ್ಬ ಯುವತಿಯ ಹೆಸರಲ್ಲಿ, ಇನ್ನು ಮೂರು ಇಪ್ಪತ್ತೆರಡು ವರ್ಷದ ಒಬ್ಬ ಯುವಕನ ಹೆಸರಲ್ಲಿ.

ಇನ್‌ಸ್ಪೆಕ್ಟರ್ ವರದಿಯನ್ನು ಪೂರ್ತಿ ಓದದೆ ಎದ್ದರು. ಆ ಇಬ್ಬರೂ ಇನ್ನೂ ಸೇವಿಸುತ್ತಿದ್ದಾರೆ, ಬಿಟ್ಟಿದ್ದಾರೆಂದು ಜಗತ್ತೇ ನಂಬಿದೆ. ಯುವತಿ 11 ಗಂಟೆಗೆ ಅಂಗಡಿಯಲ್ಲೇ ಸಿಕ್ಕಳು. ಆಸ್ಪತ್ರೆಗೆ ಸೇರಿಸಿದರು. ಯುವಕ ಬಾಡಿಗೆ ಕೋಣೆ ಬಿಟ್ಟು ಹತ್ತು ದಿನವಾಗಿತ್ತು. ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ.

"ಸಕ್ಕರೆ ಕಾಯಿಲೆಯೋರನ್ನ ಹಿಡೀಬೇಕು ಅಂದ್ರೆ ಮೊದಲು ನನಗೇ ಬೇಡಿ ಹಾಕಿ ಮೇಡಂ," ಎಂದ ಹಿರಿಯ ಕಾನ್‌ಸ್ಟೆಬಲ್. "ಆದ್ರೆ ಆ ದೊಡ್ಡಮ್ಮನ ಮೇಜಿನ ಮೇಲೆ ನಾನು ನುಂಗೋ ಮಾತ್ರೇನೇ ಇತ್ತು."

ಮಧ್ಯಾಹ್ನ 1.10ಕ್ಕೆ ದೊಡ್ಡಮ್ಮನ ವಿಚಾರಣೆ. ಇನ್‌ಸ್ಪೆಕ್ಟರ್ ವರದಿಯನ್ನು ಓದಿ ಹೇಳಿದರು.

"ಮಾತ್ರೆ ದಿನಾ ತಗೋತೀರಾ?"

"ಭಾನುವಾರ, ಸೋಮವಾರ ಬಿಡ್ತೀನಿ."

ಮಾತ್ರೆಯ ಅಂಶ ಪರೀಕ್ಷೆಯಲ್ಲಿ ಕಂಡರೆ ಮಕ್ಕಳು ಸಿಕ್ಕಿಬೀಳುತ್ತಾರೆಂಬ ಭಯ. ಬಿಟ್ಟದ್ದಕ್ಕೇ ಸಕ್ಕರೆ ಏರಿ ಮೂತ್ರದಲ್ಲಿ ಕಾಣಿಸಿತ್ತು. ಅದು ಅವಳಿಗೆ ಹೊಳೆದಿರಲಿಲ್ಲ.

"ಆ ಹುಡುಗ ಎಲ್ಲಿ?"

"ಹೇಳಿದ್ರೆ ಕೇಂದ್ರದಲ್ಲಿ ಅವನ ಹೆಸರು ತೆಗೆದುಹಾಕ್ತಾರೆ."

"ಹೇಳದಿದ್ರೆ ಹೆಸರೊಂದೇ ಉಳಿಯೋದು."

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಹಳೇ ಬೇಕರಿ ಹಿಂದೆ, ಗೋದಾಮಿನ ಮಹಡಿ ಮೇಲೆ. ಒಬ್ಬನೇ ಇರ್ತಾನೆ. ಬೇಗ ಹೋಗಿ."

2.05ಕ್ಕೆ ಕಾನ್‌ಸ್ಟೆಬಲ್ ಫೋನ್ ಮಾಡಿದ. ತುಟಿ ನೀಲಿಯಾಗಿದೆ, ಉಸಿರಿದೆ, ಆಂಬುಲೆನ್ಸಿಗೆ ಹಾಕಿದ್ದೇವೆ. 3.40ಕ್ಕೆ ವೈದ್ಯರು ಬದುಕುತ್ತಾನೆ ಎಂದರು. 3.55ಕ್ಕೆ ದೊಡ್ಡಮ್ಮನನ್ನು ಬಂಧಿಸಲಾಯಿತು.

ಅವಳು ಯಾರಿಂದಲೂ ಬಿಡಿಗಾಸು ಮುಟ್ಟಿರಲಿಲ್ಲ. ಕೇಂದ್ರದ ನಿಯಮದಂತೆ ಮೂರನೇ ಸಲ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಹೆಸರು ತೆಗೆಯುತ್ತಾರೆ. ಹಾಸಿಗೆ, ಔಷಧ, ಆಪ್ತಸಲಹೆ ಎಲ್ಲ ಅವತ್ತಿಗೇ ನಿಲ್ಲುತ್ತದೆ. ಎರಡು ವರ್ಷದ ಹಿಂದೆ ಹಾಗೆ ಹೊರಬಿದ್ದ ಒಬ್ಬನ ಬಟ್ಟೆಯ ಚೀಲವನ್ನು ಗೇಟಿನವರೆಗೆ ಹೊತ್ತುತಂದವಳು ಇವಳೇ. ಎಲ್ಲಿಗೆ ಹೋಗಲಿ ದೊಡ್ಡಮ್ಮ ಎಂದು ಅವನು ಕೇಳಿದಾಗ, ಮನೆಗೆ ಹೋಗಪ್ಪ ಎಂದಿದ್ದಳು. ಅವನಿಗೆ ಮನೆ ಇರಲಿಲ್ಲ. ನಾಲ್ಕನೇ ದಿನ ಮೇಲ್ಸೇತುವೆಯ ಕೆಳಗೆ ಅವನ ಹೆಣ ಸಿಕ್ಕಿತು. ಅಲ್ಲಿಂದೀಚೆಗೆ ಎರಡು ಸಲ ಸಿಕ್ಕಿಬಿದ್ದವರಿಗೆ ಮೂರನೆಯದರಿಂದ ತನ್ನದೇ ಮೂತ್ರ ಕೊಡತೊಡಗಿದಳು. "ಬರ್ತಾ ಇದ್ರೆ ಸಾಕು, ಒಂದಿನ ಬಿಟ್ಟೇ ಬಿಡ್ತಾರೆ ಅಂದ್ಕೊಂಡೆ," ಎಂದು ಹೇಳಿಕೆಯಲ್ಲಿದೆ.

ಜೀಪಿಗೆ ಕರೆದೊಯ್ಯುವಾಗ ಸುದ್ದಿ ಕೇಳಿ ಬಂದು ಕೂತಿದ್ದ ಬೈಂಡರ್ ವರಾಂಡದ ಬೆಂಚಿನಿಂದ ಎದ್ದ. ಕಾನ್‌ಸ್ಟೆಬಲ್ ಮುಂಜಾಗ್ರತೆಗೆ ಅಡ್ಡ ನಿಂತ. ಅದರ ಅಗತ್ಯ ಬೀಳಲಿಲ್ಲ.

"ಮತ್ತೆ ಶುರುವಾಗಿದೆ ಅಂತ ಅವಳು ನಿಮ್ಮ ಹತ್ರ ಹೇಳಿದ್ಲಾ?"

"ಪ್ರತಿ ಸೋಮವಾರ ಅಳ್ತಾ ಹೇಳೋಳು."

"ನಂಗ್ಯಾಕೆ ಹೇಳ್ಲಿಲ್ಲ?"

ದೊಡ್ಡಮ್ಮ ಅವನ ಮುಖ ನೋಡಲಿಲ್ಲ.

"ಅಪ್ಪ ಈಗೀಗ ನಗ್ತಾ ಇದಾರೆ ದೊಡ್ಡಮ್ಮ, ಅನ್ನೋಳು."