ಲಕ್ಷದ ಮೂರನೇ ಮೊಗ್ಗು

ಬಹಳ ಹಿಂದೆ ಪರಿಮಳಾವತಿ ಅಂತೊಂದು ರಾಜ್ಯವಿತ್ತು. ಅಲ್ಲಿ ರಾಜನಿಂದ ಅಗಸನವರೆಗೆ ಎಲ್ಲರೂ ಹೂ ಮುಡಿಯೋರೇ. ಹೂ ಮಾರುವ ದುಂಡಮ್ಮ ಎಷ್ಟು ಹೂ ಎಣಿಸಿ ಕೊಟ್ಟರೂ ಮೇಲೊಂದು ಕೊಸರು ಹಾಕೋಳು. ಹಾಕದಿದ್ದರೆ ಅವಳ ಕೈಗೇ ಸಮಾಧಾನವಿರಲಿಲ್ಲ.

ಒಂದು ದಿನ ಅವಳು ಪಕ್ಕದೂರಿಂದ ಹಿಂತಿರುಗಿದಾಗ ಊರಲ್ಲಿ ನರಪಿಳ್ಳೆಯೂ ಇಲ್ಲ! ಜಟಂಗಿ ಅನ್ನೋ ಮಾಂತ್ರಿಕ ಎಲ್ಲರನ್ನೂ ಸಂಪಿಗೆ ಮೊಗ್ಗು ಮಾಡಿ ಅರಮನೆ ಅಂಗಳದಲ್ಲಿ ರಾಶಿ ಹಾಕಿದ್ದ. ಅವಳ ಮಗಳು ಚೆಲುವಿಯೂ ಆ ರಾಶಿಯಲ್ಲೇ ಇದ್ದಳು. ಪಕ್ಕದಲ್ಲಿ ಮೂರು ತಲೆಯ ಹಾವು ಕಾಯುತ್ತಿತ್ತು.

"ಒಂದು ಲಕ್ಷದ ಎರಡು ಮೊಗ್ಗು," ಅಂತ ಮಗಳನ್ನು ಹುಡುಕುತ್ತ ಅಂಗಳಕ್ಕೆ ಬಂದ ದುಂಡಮ್ಮನ ಮುಂದೆ ಜಟಂಗಿ ಕೊಚ್ಚಿಕೊಂಡ. "ಎರಡೆರಡು ಇಟ್ಟರೂ, ಮೂರ್ಮೂರು ಇಟ್ಟರೂ, ಏಳೇಳು ಇಟ್ಟರೂ ಒಂದೂ ಮಿಗಲ್ಲ. ಹಾಗೆ ಮಿಗದಂತೆ ಈ ಹಾವಿನ ಮೂರು ತಲೆಗೂ ಬಡಿಸಿದರೆ ಅದು ನನಗೆ ಸಾವಿರ ವರ್ಷ ಆಯಸ್ಸು ಕೊಡುತ್ತೆ. ಮಿಕ್ಕರೆ ನನ್ನನ್ನೇ ನುಂಗುತ್ತೆ. ಎಲ್ಲೋ ಒಂದು ಮೊಗ್ಗಿಗೆ ಇನ್ನೊಂದು ತಾಗಿರೋ ತನಕ ನನ್ನ ಮಂತ್ರ ಯಾರನ್ನೂ ಬಿಡಲ್ಲ, ತಿಳೀತಾ?"

ದುಂಡಮ್ಮ ರಾಶಿಯನ್ನೊಮ್ಮೆ ನೋಡಿದಳು. ದಿನವೆಲ್ಲ ಹೂ ಎಣಿಸೋ ತಲೆ ಅದು. ಮೂರು ಲೆಕ್ಕದಲ್ಲೂ ಸಮ ಬರೋ ರಾಶಿಗೆ ಇನ್ನೊಂದು ಬಿದ್ದರೆ?

"ಕೊಸರಿಲ್ಲದೆ ಬಡಿಸ್ತೀಯಾ? ಥೂ, ಜಿಪುಣ!" ಅಂದಳು. "ನನ್ನನ್ನೂ ಮೊಗ್ಗು ಮಾಡು. ಮಗಳ ಪಕ್ಕದಲ್ಲಿ ಬಿದ್ದಿರ್ತೀನಿ."

ಜಟಂಗಿ ಪುಕ್ಕಟೆ ಅಂದರೆ ಬಾಯಿ ಬಿಡೋ ಆಸಾಮಿ. ಮರು ಎಣಿಕೆ ಮಾಡದೆ ಅವಳನ್ನೂ ಮೊಗ್ಗು ಮಾಡಿ ರಾಶಿಗೆ ಎಸೆದ.

ಎರಡೆರಡು ಇಟ್ಟ. ಒಂದು ಮಿಕ್ಕಿತು. ಮೊದಲ ತಲೆ ಬುಸ್ ಅಂದಿತು. ಮೂರ್ಮೂರು ಇಟ್ಟ. ಒಂದು ಮಿಕ್ಕಿತು. ಎರಡನೇ ತಲೆ ಹೆಡೆ ಎತ್ತಿತು. ಏಳೇಳು ಇಟ್ಟ. ಅಯ್ಯೋ, ಮತ್ತೂ ಒಂದು! ಮೂರನೇ ತಲೆ ಬಾಯಿ ತೆರೆಯಿತು.

"ತಾಳಪ್ಪಾ! ಬೇರೆ ಲೆಕ್ಕದಲ್ಲಿ ಬಡಿಸ್ತೀನಿ!"

"ಯಾವ ಲೆಕ್ಕವಾದರೂ ಸರಿ," ಅಂದವು ಮೂರೂ ತಲೆಗಳು. "ಮಿಗಬಾರದು, ಇಡೀ ರಾಶಿ ಒಟ್ಟಿಗೇ ಸುರಿಯಲೂಬಾರದು. ಹೊತ್ತು ಮುಳುಗೋವರೆಗೆ ಸಮಯ."

ಹನ್ನೊಂದರಂತೆ ಇಟ್ಟ, ಎರಡು ಮಿಕ್ಕವು. ಹದಿಮೂರರಂತೆ ಇಟ್ಟ, ಏಳು ಮಿಕ್ಕವು. ಬೆವರು ಕಿತ್ತುಕೊಂಡು ಬಂತು. ಒಂದು ಲಕ್ಷದ ಮೂರು ಅನ್ನೋದು ಅಂಥ ಮೊಂಡು ಸಂಖ್ಯೆ. ಒಂದರಿಂದ ಭಾಗವಾದೀತು, ಇಲ್ಲವೇ ತನ್ನಿಂದಲೇ ತಾನು ಭಾಗವಾದೀತು. ಬೇರೆ ಯಾವುದಕ್ಕೂ ಜಗ್ಗಲ್ಲ.

ಸೂರ್ಯ ಇಳಿಯುತ್ತಿದ್ದ. "ಒಂದೊಂದೇ ಇಡ್ತೀನಿ! ಆಗ ಮಿಗಲ್ಲ!" ಅಂತ ಚೀರಿ, ಮಂತ್ರ ಬೀಸಿ ಮೊಗ್ಗುಗಳನ್ನೆಲ್ಲ ಬೇರೆ ಬೇರೆ ಮಾಡಿದ. ಹೆದರಿಕೆಯಲ್ಲಿ ತಾನು ಹೇಳಿದ್ದೇ ಮರೆತಿದ್ದ. ಮೊಗ್ಗಿಗೆ ಮೊಗ್ಗು ತಾಗೋದು ನಿಂತಿತು, ಮಂತ್ರ ಬಿಟ್ಟಿತು. ರಾಜ ಎದ್ದ, ಅಗಸ ಎದ್ದ, ಇಡೀ ಊರು ಮೈ ಮುರಿದು ಎದ್ದು ನಿಂತಿತು. ತಿನ್ನೋಕೆ ಒಂದು ಮೊಗ್ಗೂ ಉಳಿಯದ ಹಾವು ಜಟಂಗಿಯನ್ನು ನುಂಗಿ ಕಾಡಿಗೆ ಹೋಯಿತು.

ಚೆಲುವಿ ತಾಯಿಯನ್ನು ತಬ್ಬಿ ಅತ್ತಳು. "ಅವ್ವಾ, ನೀನು ಹೊರಗಿದ್ದವಳು, ಬದುಕಿದ್ದೆ. ಯಾಕೆ ಬಂದು ಬಿದ್ದೆ?"

"ಊರನ್ನೇ ಬುಟ್ಟಿಗೆ ತುಂಬಿದ್ದ ಕಣೆ," ಅಂದಳು ದುಂಡಮ್ಮ, ಅವಳ ಕಣ್ಣೊರೆಸಿ. "ಕೊಸರು ಹಾಕದೆ ಹೆಂಗೆ ಬಿಡಲಿ?"

ಆಮೇಲೆ ಆ ಊರಲ್ಲಿ ಎಲ್ಲರೂ ಸುಖವಾಗಿದ್ದರು. ಯಾರು ಏನು ಕೊಟ್ಟರೂ ಮೇಲೊಂದು ಕೊಟ್ಟರು.